ಜನ ಇದ್ದಾರೆ, ದಾಖಲೆಯಲ್ಲಿ ಊರಿಲ್ಲ: ತಾಂಡಾ, ಹಟ್ಟಿಗಳು ಕಂದಾಯ ಗ್ರಾಮವಾದರೆ ಏನಾಗುತ್ತದೆ?

ಲಂಬಾಣಿಗರ ತಾಂಡಾಗಳು, ಕಾಡುಗೊಲ್ಲರ ಗೊಲ್ಲರಹಟ್ಟಿಗಳು ‘ಕಂದಾಯ ಗ್ರಾಮ’ ಆದವು ಎಂಬ ಸುದ್ದಿ ಕೆಲವು ವರ್ಷಗಳಿಂದ ಮತ್ತೆ ಮತ್ತೆ ಬರುತ್ತಿದೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ, ಈ ಐದು ಜಿಲ್ಲೆಗಳಲ್ಲಿ ಸುಮಾರು 1,475 ವಸತಿಗಳು ಹೊಸ ಗ್ರಾಮಗಳಾಗಿವೆ ಎಂದು ಆಗ ಹೇಳಲಾಯಿತು. ಸರ್ಕಾರ ಬದಲಾಯಿತು. 2025ರ ಮೇ 20ರಂದು ಹೊಸಪೇಟೆಯ ಸಮಾವೇಶದಲ್ಲಿ ಕಾಂಗ್ರೆಸ್ ಸರ್ಕಾರ 1,11,111 ಕುಟುಂಬಗಳಿಗೆ ಹಕ್ಕುಪತ್ರ ಎಂದು ಘೋಷಿಸಿತು. ಎರಡೂ ಪಕ್ಷ ‘ಇದು ನಮ್ಮ ಕೆಲಸ’ ಎನ್ನುತ್ತವೆ.

ಓದುವವರಿಗೆ ಗೊಂದಲವಾಗುವುದು ಸಹಜ. ಮೂರ್ನಾಲ್ಕು ತಲೆಮಾರಿನಿಂದ ಜನ ಬಾಳುತ್ತಿರುವ ಜಾಗ ಈಗ ಹೊಸದಾಗಿ ‘ಗ್ರಾಮ’ ಆಗುವುದು ಹೇಗೆ? ಅಲ್ಲಿನವರಿಗೆ ಮತ ಇದೆ, ರೇಷನ್ ಕಾರ್ಡ್ ಇದೆ, ಆಧಾರ್ ಇದೆ. ಹಾಗಾದರೆ ಇಷ್ಟು ದಿನ ಇಲ್ಲದಿದ್ದದ್ದು ಏನು? ಇನ್ನೂ ಒಂದು ಪ್ರಶ್ನೆ ಇದೆ, ಅದನ್ನು ಕೇಳುವವರು ಕಡಿಮೆ. ಮನೆಗೆ ಹಕ್ಕುಪತ್ರ ಸಿಕ್ಕ ಮಾತ್ರಕ್ಕೆ ಆ ಜಾಗ ಒಂದು ಊರಾಗುತ್ತದೆಯೇ?

ಕಂದಾಯ ಇಲಾಖೆಯ ಕಣ್ಣಿಗೆ ಊರು ಎಂದರೆ

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 29,340 ಹಳ್ಳಿಗಳಿವೆ. ಅದರಲ್ಲಿ ಜನವಸತಿ ಇರುವುದು 27,397ರಲ್ಲಿ. ಅಂದರೆ ಸಾವಿರದ ಒಂಬೈನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಕಂದಾಯದವರು ಇವನ್ನು ಬೇಚರಾಕ್ ಗ್ರಾಮ ಎನ್ನುತ್ತಾರೆ. ಎಂದೋ ಪ್ಲೇಗ್ ಬಂದು, ಬರ ಬಿದ್ದು, ನೀರು ಬತ್ತಿ ಜನ ಎದ್ದುಹೋದ ಊರುಗಳು. ಜನ ಹೋದರೂ ದಾಖಲೆ ಹೋಗಿಲ್ಲ. ಆ ಊರಿಗೆ ಹೆಸರಿದೆ, ನಕ್ಷೆ ಇದೆ, ಗಡಿ ಇದೆ, ಸರ್ವೆ ನಂಬರುಗಳಿವೆ.

ಇನ್ನೊಂದು ಕಡೆ ನೂರಿನ್ನೂರು ಮನೆ, ಶಾಲೆ, ಗುಡಿ, ಬಸ್ ಸ್ಟಾಪು ಎಲ್ಲ ಇರುವ ತಾಂಡಾಗಳಿವೆ. ದಾಖಲೆಯಲ್ಲಿ ಅವು ಊರೇ ಅಲ್ಲ.

ಇದು ವಿಚಿತ್ರ ಅನ್ನಿಸಬಹುದು. ಆದರೆ ಕಂದಾಯ ಇಲಾಖೆಯ ಲೆಕ್ಕ ಜನರದ್ದಲ್ಲ, ನೆಲದ್ದು. ಗಡಿ ಗುರುತಿಸಿ, ಅಳೆದು, ನಂಬರು ಕೊಟ್ಟ ನೆಲದ ತುಂಡುಗಳ ಒಟ್ಟು ಮೊತ್ತವೇ ಗ್ರಾಮ. ಅದರೊಳಗೆ ಜನ ವಾಸಿಸಲೆಂದು ಬಿಟ್ಟ ಜಾಗ ಗ್ರಾಮಠಾಣಾ. ಗ್ರಾಮಠಾಣಾದೊಳಗೆ ಮನೆ ಇದ್ದರೆ ಪಂಚಾಯಿತಿಯಿಂದ ಖಾತೆ, ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಪಡೆಯಬಹುದು. ಹೊರಗಿದ್ದರೆ ಅದು ಯಾರದೋ ಹೊಲದಲ್ಲಿ ಅಥವಾ ಸರ್ಕಾರಿ ಗೋಮಾಳದಲ್ಲಿ ಎದ್ದು ನಿಂತ ಗೋಡೆ, ಅಷ್ಟೇ.

ಲೆಕ್ಕದಿಂದ ತಪ್ಪಿಹೋದವರು ಯಾರು?

ಈಗಿನ ಗ್ರಾಮ ನಕ್ಷೆಗಳ ಬುನಾದಿ ಬಿದ್ದದ್ದು 19ನೇ ಶತಮಾನದ ಭೂಮಾಪನದಲ್ಲಿ. ಮುಂಬೈ ಪ್ರಾಂತ್ಯ, ಮೈಸೂರು ಸಂಸ್ಥಾನ, ನಿಜಾಮರ ಸೀಮೆ ಬೇರೆ ಬೇರೆ ಹೊತ್ತಿನಲ್ಲಿ ಅಳತೆ ಮಾಡಿಸಿದವು. ಉದ್ದೇಶ ಎಲ್ಲ ಕಡೆ ಒಂದೇ, ತೆರಿಗೆ. ಹೊಲ ಎಷ್ಟು, ಮಣ್ಣು ಎಂಥದ್ದು, ಕಂದಾಯ ಕಟ್ಟುವವನು ಯಾರು ಎಂಬುದು ಗೊತ್ತಾದರೆ ಸಾಕಿತ್ತು. ಪಟೇಲ, ಶಾನುಭೋಗರು ಇದ್ದ ಊರು ನಕ್ಷೆಗೆ ಬಂತು. ಹೊಲದ ಒಡೆತನ ಇಲ್ಲದವರು, ಒಂದೇ ಕಡೆ ನೆಲೆ ನಿಲ್ಲದವರು ಬರಲಿಲ್ಲ.

ಲಂಬಾಣಿಗರು ಆಗ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ತಿರುಗುತ್ತಿದ್ದ ಸಾಗಣೆದಾರರು. ಸೈನ್ಯಗಳಿಗೂ ಅವರೇ ದವಸ ಮುಟ್ಟಿಸುತ್ತಿದ್ದರು. ರೈಲು ಬಂದು ಆ ಕಸುಬು ಮುರಿಯಿತು. ಮೇಲಿಂದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಅವರ ಅನೇಕ ಗುಂಪುಗಳ ಮೇಲೆ ಕಳ್ಳರೆಂಬ ಹಣೆಪಟ್ಟಿ ಬಿತ್ತು. ನಿಧಾನಕ್ಕೆ ಅವರು ನೆಲೆ ನಿಂತದ್ದು ಕಾಡಂಚಿನಲ್ಲಿ, ಗುಡ್ಡದ ಬದಿಯಲ್ಲಿ, ಊರಿಂದ ಒಂದೆರಡು ಮೈಲಿ ಆಚೆ. ಕೆಲವರು ಜಮೀನ್ದಾರರ ಹೊಲದಲ್ಲಿ ಕೂಲಿಗೆ ನಿಂತು ಅಲ್ಲೇ ಗುಡಿಸಲು ಹಾಕಿಕೊಂಡರು.

ಚಿತ್ರದುರ್ಗ, ತುಮಕೂರು ಸೀಮೆಯ ಕಾಡುಗೊಲ್ಲರ ಕಥೆ ಬೇರೆ, ಫಲ ಒಂದೇ. ಕುರಿ, ದನಗಳಿಗೆ ಮೇವು ಸಿಗುವ ಕಡೆ ಮುಳ್ಳುಬೇಲಿ ಹಾಕಿ ಹಟ್ಟಿ ಕಟ್ಟಿದರು. ಆ ಜಾಗ ದಾಖಲೆಯಲ್ಲಿ ಗೋಮಾಳ. ಹೀಗೇ ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳು, ರಾಮನಗರದ ಕಡೆಯ ದೊಡ್ಡಿಗಳು, ತುಂಗಭದ್ರಾ ನಾಲೆ ಬಂದ ಮೇಲೆ ಸಿಂಧನೂರು, ಗಂಗಾವತಿ ಸುತ್ತ ಎದ್ದ ಕ್ಯಾಂಪುಗಳು. ಸರ್ಕಾರಿ ಭಾಷೆಯಲ್ಲಿ ಇವೆಲ್ಲಕ್ಕೂ ಒಂದೇ ಹೆಸರು: ದಾಖಲೆರಹಿತ ಜನವಸತಿ. ತಾಂಡಾಗಳೇ ರಾಜ್ಯದಲ್ಲಿ ಮೂರು ಸಾವಿರಕ್ಕೂ ಹೆಚ್ಚಿವೆ. ಅವುಗಳಿಗಾಗಿ 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮವೇ ಹುಟ್ಟಿತು. ನಿಗಮ ಬಂದರೂ ಎಷ್ಟೋ ತಾಂಡಾಗಳ ನೆಲ ಮಾತ್ರ ಬೇರೆಯವರ ಹೆಸರಲ್ಲೇ ಉಳಿಯಿತು.

ಒಂದು ಪಹಣಿ ತೆಗೆದು ನೋಡಿದರೆ

ತಾಂಡಾ ನಿಂತಿರುವ ಒಂದು ಸರ್ವೆ ನಂಬರಿನ ಪಹಣಿ ತೆಗೆದಿರಿ ಎಂದುಕೊಳ್ಳಿ. ಒಂಬತ್ತನೇ ಕಾಲಂನಲ್ಲಿ ಮೂಲ ಗ್ರಾಮದ, ಅಂದರೆ ದಾಖಲೆಯಲ್ಲಿ ಆ ನೆಲ ಸೇರಿರುವ ಊರಿನ, ಯಾರೋ ಜಮೀನುದಾರರ ಹೆಸರು. ಅವರು ತೀರಿಕೊಂಡು ಎಷ್ಟೋ ವರ್ಷವಾಗಿರಬಹುದು, ಪೌತಿ ಖಾತೆಯೂ ಆಗಿಲ್ಲ. ಹನ್ನೆರಡನೇ ಕಾಲಂನಲ್ಲಿ ಬೆಳೆ ‘ತೊಗರಿ’ ಎಂದೇ ಇದ್ದರೂ ಆಶ್ಚರ್ಯವಿಲ್ಲ. ನೆಲದ ಮೇಲೆ ನೋಡಿದರೆ ಅಲ್ಲಿ ಎಂಬತ್ತು ಮನೆ, ಒಂದು ಅಂಗನವಾಡಿ, ಸೇವಾಲಾಲ್ ಮಹಾರಾಜರ ಗುಡಿ.

ಈ ಒಂದು ಹಾಳೆಯಿಂದ ಸಾಲು ಸಾಲು ತೊಂದರೆ ಹುಟ್ಟುತ್ತವೆ. ಮನೆ ಜಾಗದ ದಾಖಲೆ ಇಲ್ಲ, ಹಾಗಾಗಿ ಬ್ಯಾಂಕ್ ಸಾಲ ಇಲ್ಲ. ಸರ್ಕಾರಿ ವಸತಿ ಯೋಜನೆಗೆ ಅರ್ಜಿ ಹಾಕಿದರೆ ‘ನಿವೇಶನದ ಕಾಗದ ತನ್ನಿ’ ಎನ್ನುತ್ತಾರೆ. ಅಣ್ಣತಮ್ಮಂದಿರು ಪಾಲಾದರೆ ಮನೆ ಭಾಗ ಮಾಡಿ ನೋಂದಣಿ ಮಾಡಿಸಲು ಬರುವುದಿಲ್ಲ. ಜಮೀನುದಾರರ ಮೊಮ್ಮಕ್ಕಳು ಬೆಂಗಳೂರಿನಿಂದ ಬಂದು ‘ಇದು ನಮ್ಮ ತಾತನ ಹೊಲ’ ಅಂದರೆ ಎದುರಾಡಲು ಕೈಯಲ್ಲಿ ಏನೂ ಇಲ್ಲ. ಒಕ್ಕಲೆಬ್ಬಿಸುವುದು ದಿನವೂ ನಡೆಯುವುದಿಲ್ಲ, ನಿಜ. ಆದರೆ ಆ ಭಯ ಮನಸ್ಸಿನಲ್ಲಿದ್ದರೆ ಸಾಕು. ಕೂಲಿ ಜಾಸ್ತಿ ಕೇಳಲು, ಪಂಚಾಯಿತಿ ಚುನಾವಣೆಗೆ ಎದುರು ನಿಲ್ಲಲು ಜನ ಹಿಂಜರಿಯುತ್ತಾರೆ.

ಕಾನೂನು ಬಂದದ್ದು ಹೇಗೆ

1974ರ ಭೂಸುಧಾರಣೆ ‘ಉಳುವವನೇ ಹೊಲದೊಡೆಯ’ ಎಂದಿತು. ಆದರೆ ಅದು ಗೇಣಿದಾರನ ಕಥೆ. ಗೇಣಿಯೂ ಇಲ್ಲದೆ ಸುಮ್ನೆ ಕೂಲಿ ಮಾಡಿಕೊಂಡು, ಒಡೆಯನ ಹೊಲದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡಿದ್ದವನಿಗೆ ಅದರಿಂದ ಹೆಚ್ಚೇನೂ ಸಿಗಲಿಲ್ಲ. ಆ ಕೊರತೆ ತುಂಬಲು ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ ‘ವಾಸಿಸುವವನೇ ಮನೆಯೊಡೆಯ’ ಎಂಬ ಘೋಷಣೆಯೊಂದಿಗೆ ಕಾಯ್ದೆಗೆ ತಿದ್ದುಪಡಿ ತಂದರು. ಗೇಣಿದಾರರು ಹೋರಾಡಿದ ಕಾಗೋಡು ಸತ್ಯಾಗ್ರಹದ ಊರಿನವರೇ ಇದನ್ನು ತಂದದ್ದು ಕಾಕತಾಳೀಯವೇನಲ್ಲ.

ಇಲ್ಲಿ ಎರಡು ದಾರಿ ಇವೆ, ಎರಡೂ ಬೇರೆ ಬೇರೆ. ವಸತಿ ಖಾಸಗಿ ಜಮೀನಿನಲ್ಲಿದ್ದರೆ ಭೂಸುಧಾರಣಾ ಕಾಯ್ದೆಯ ಕಲಂ 38ಎ. ಆ ಜಾಗ ಮೊದಲು ಸರ್ಕಾರಕ್ಕೆ ಸೇರಿ, ಆಮೇಲೆ ವಾಸಿಸುವವರ ಹೆಸರಿಗೆ ಹೋಗುತ್ತದೆ. ಸರ್ಕಾರಿ ಜಮೀನಿನಲ್ಲಿದ್ದರೆ ಭೂಕಂದಾಯ ಕಾಯ್ದೆಯ ಕಲಂ 94ಡಿ. ಇದನ್ನು ಬಗರ್‌ಹುಕುಂ ಜೊತೆ ಕಲಸಬಾರದು. ಬಗರ್‌ಹುಕುಂ ಸಾಗುವಳಿ ಭೂಮಿಯದು. 94ಸಿ ಕೂಡ ಬೇರೆ, ಅದು ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಒಂದೊಂದು ಕುಟುಂಬದ ಅರ್ಜಿ. 38ಎ ಮತ್ತು 94ಡಿ ನೋಡುವುದು ಇಡೀ ವಸತಿಯನ್ನು.

ಕಾನೂನು ಬಂದದ್ದೇ ತಡ ಎಲ್ಲವೂ ಊರಾಗಿಬಿಡುವುದಿಲ್ಲ. ಅಳತೆ ಆಗಬೇಕು, ನಕ್ಷೆ ಬರೆಯಬೇಕು, ಪ್ರಾಥಮಿಕ ಅಧಿಸೂಚನೆ ಹೊರಡಬೇಕು, ಆಕ್ಷೇಪಣೆ ಕೇಳಬೇಕು, ಆಮೇಲೆ ಅಂತಿಮ ಅಧಿಸೂಚನೆ. ಅದಾದ ಮೇಲೆ ಮನೆಮನೆಯ ಹಕ್ಕುಪತ್ರ. ತೀರಾ ಚಿಕ್ಕ ವಸತಿಗಳು ಕಂದಾಯ ಗ್ರಾಮ ಆಗದೆ ಉಪಗ್ರಾಮ ಆಗುತ್ತವೆ. ವೇದಿಕೆ ಮೇಲೆ ಕೈಗೆ ಕಾಗದ ಕೊಡುವ ಫೋಟೊ ಇದರ ಕೊನೆಯ ಹಂತ ಎಂದು ಕಾಣುತ್ತದೆ. ಅದಾದ ಮೇಲೂ ಕೆಲಸ ಉಳಿದಿರುತ್ತದೆ: ನೋಂದಣಿ, ಪಂಚಾಯಿತಿ ಖಾತೆ, ಭೂಮಿ ತಂತ್ರಾಂಶದಲ್ಲಿ ಹೊಸ ಊರಿನ ಹೆಸರು, ನಾಡಕಚೇರಿಯ ಪಟ್ಟಿಯಲ್ಲಿ ಅದೇ ಹೆಸರು. ಮಳಖೇಡದ ಸುತ್ತಿಗೂ ಹೊಸಪೇಟೆಯ ಸುತ್ತಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲೇ ಇದೆ. ಎರಡನೇ ಸುತ್ತಿನಲ್ಲಿ ಸರ್ಕಾರ ಹಕ್ಕುಪತ್ರವನ್ನು ನೋಂದಾಯಿಸಿ ಕೊಡಲು ಒತ್ತು ಕೊಟ್ಟಿತು. ಬರೀ ಹಕ್ಕುಪತ್ರ ಕಳೆದುಹೋದರೆ ಕಥೆ ಮುಗಿಯಿತು. ನೋಂದಣಿ ಕಚೇರಿಯಲ್ಲಿ ದಾಖಲಾಗಿದ್ದರೆ ನಕಲು ಸಿಗುತ್ತದೆ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

‘ಕಂದಾಯ ಗ್ರಾಮ ಆಗದಿದ್ದರೆ ರಸ್ತೆ, ನೀರು ಏನೂ ಇಲ್ಲ’ ಎಂದು ಭಾಷಣದಲ್ಲಿ ಹೇಳುವುದು ಪೂರ್ತಿ ನಿಜವಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಿಂದಲೂ ಲೆಕ್ಕ ಹಾಕುವುದು ಜನವಸತಿಯನ್ನು, ಕಂದಾಯ ಗ್ರಾಮವನ್ನಲ್ಲ. ಎಷ್ಟೋ ತಾಂಡಾಗಳಿಗೆ ಡಾಂಬರು ರಸ್ತೆ, ಶಾಲೆ, ಕರೆಂಟು ಮೊದಲೇ ಬಂದಿವೆ.

ಆದರೆ ಊರಿನ ಲೆಕ್ಕದಲ್ಲಿ ಹಣ ಹಂಚುವ ಯೋಜನೆಗಳೂ ಇವೆ, ಅಲ್ಲಿ ವ್ಯತ್ಯಾಸ ದೊಡ್ಡದು. ಒಂದು ಉದಾಹರಣೆ ಹಾಕಿಕೊಂಡು ನೋಡೋಣ. ಮೂಲ ಗ್ರಾಮ ಮತ್ತು ತಾಂಡಾ ಸೇರಿ 3,000 ಜನ, ಅದರಲ್ಲಿ ತಾಂಡಾದವರು 700. ಲಂಬಾಣಿಗರು ರಾಜ್ಯದಲ್ಲಿ ಪರಿಶಿಷ್ಟ ಜಾತಿಗೆ ಸೇರಿದವರು. ಊರಲ್ಲಿ ಬೇರೆ ಪರಿಶಿಷ್ಟರು ಇಲ್ಲ ಎಂದುಕೊಂಡರೆ ಪರಿಶಿಷ್ಟ ಜಾತಿಯವರ ಪಾಲು ನೂರಕ್ಕೆ 23ರಷ್ಟು. ಪರಿಶಿಷ್ಟರೇ ಜಾಸ್ತಿ ಇರುವ ಹಳ್ಳಿಗಳನ್ನು ಆರಿಸುವ ಕೇಂದ್ರದ ಆದರ್ಶ ಗ್ರಾಮ ಯೋಜನೆಗೆ ಈ ಊರು ಬರುವುದೇ ಇಲ್ಲ. ಅದೇ ತಾಂಡಾ ಪ್ರತ್ಯೇಕ ಗ್ರಾಮವಾದರೆ ಪಾಲು ಹೆಚ್ಚುಕಡಿಮೆ ನೂರಕ್ಕೆ ನೂರು. ಜನ ಅವರೇ, ಬಡತನ ಅದೇ. ಗೆರೆ ಎಳೆದದ್ದರಿಂದ ಲೆಕ್ಕ ಬದಲಾಯಿತು. ಗೊಲ್ಲರಹಟ್ಟಿಗೆ ಈ ಲಾಭ ಇಲ್ಲ, ಅವರು ಪರಿಶಿಷ್ಟರ ಪಟ್ಟಿಯಲ್ಲಿಲ್ಲ. ಕಾಡುಗೊಲ್ಲರ ಎಸ್‌ಟಿ ಬೇಡಿಕೆ ಬೇರೆಯೇ ಕಥೆ.

ಇನ್ನು ಬದಲಾಗದೇ ಇರುವ ಸಂಗತಿಗಳು. ಕಂದಾಯ ಗ್ರಾಮ ಆದ ತಕ್ಷಣ ಸ್ವಂತ ಪಂಚಾಯಿತಿ ಬರುವುದಿಲ್ಲ. ಗ್ರಾಮ ಪಂಚಾಯಿತಿಗೆ ಬಯಲುಸೀಮೆಯಲ್ಲಿ 5,000ದಿಂದ 7,000 ಜನಸಂಖ್ಯೆ ಬೇಕು. ಒಂದು ಪಂಚಾಯಿತಿಯಲ್ಲಿ ಹಲವು ಗ್ರಾಮ ಇರುವುದೇ ವಾಡಿಕೆ. ಹಾಗೆಯೇ 2025ರ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಗದ್ದಲಕ್ಕೂ ಇದಕ್ಕೂ ಸಂಬಂಧವಿಲ್ಲ. ಮೀಸಲಾತಿ ಜಾತಿಗೆ ಸೇರಿದ್ದು, ಕಂದಾಯ ಗ್ರಾಮ ಜಾಗಕ್ಕೆ.

ಗುಳೆ ಹೋಗುವವರದು ಬೇರೆ ಸಮಸ್ಯೆ. ಸುಗ್ಗಿ ಮುಗಿದ ಮೇಲೆ ಎಷ್ಟೋ ತಾಂಡಾಗಳು ಅರ್ಧ ಖಾಲಿ. ಕೆಲವರು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಕೆಲವರು ಗೋವಾ, ಮುಂಬೈ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಅಳತೆಗೆ ಬಂದ ದಿನ ಬೀಗ ಹಾಕಿರುವ ಮನೆ ಯಾರದ್ದು ಎಂದು ಹೇಳುವವರು ನೆರೆಮನೆಯವರು. ಅವರ ಜೊತೆ ಜಗಳವಿದ್ದರೆ? ಮನೆಯ ನಿಜವಾದ ವಾಸಿ ಪಟ್ಟಿಯಿಂದ ಬಿಟ್ಟುಹೋಗುವ ಅಪಾಯ ಹೆಚ್ಚು ಇರುವುದು ಇಂಥವರಿಗೇ. ಯಾರಿಗೆ ಕಾಗದ ಎಲ್ಲರಿಗಿಂತ ಜಾಸ್ತಿ ಬೇಕೋ ಅವರೇ ಊರಲ್ಲಿರುವುದು ಕಡಿಮೆ.

ಮೂಲ ಗ್ರಾಮದವರ ವಾದ

ತಾಂಡಾ ಬೇರೆ ಊರಾಗುವುದಕ್ಕೆ ಮೂಲ ಗ್ರಾಮದವರು ಎತ್ತುವ ತಕರಾರನ್ನು ಸುಮ್ನೆ ಮೇಲ್ಜಾತಿಯವರ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ಸುಲಭ. ಸ್ವಲ್ಪ ಮಟ್ಟಿಗೆ ಅದು ಇದೆ ಕೂಡ. ಆದರೆ ಅಷ್ಟೇ ಅಲ್ಲ.

ಜಮೀನು ಕಳೆದುಕೊಳ್ಳುವವರಲ್ಲಿ ದೊಡ್ಡ ಗೌಡರೂ ಇರುತ್ತಾರೆ, ಎರಡು ಎಕರೆಯವರೂ ಇರುತ್ತಾರೆ. ‘ಪರಿಹಾರ ಎಷ್ಟು, ಯಾವಾಗ’ ಎಂಬುದು ನ್ಯಾಯವಾದ ಪ್ರಶ್ನೆ. ಅದಕ್ಕಿಂತ ಬಿಸಿಯಾದ ವಿಷಯ ಗಡಿ. ಮನೆಗಳ ಕೆಳಗಿನ ನೆಲ ಯಾರದ್ದು ಎಂಬುದು ಹೇಗೋ ಬಗೆಹರಿಯುತ್ತದೆ. ಮನೆಗಳ ಆಚೆ ಇರುವ ಗೋಮಾಳ ಯಾವ ಊರಿಗೆ? ಕೆರೆ ಯಾವ ಊರಿಗೆ? ಗುಡ್ಡದ ಮೇಲಿನ ಕಲ್ಲು, ಹಳ್ಳದ ಮರಳು? ಇಷ್ಟು ದಿನ ಎರಡೂ ಕಡೆಯ ದನ ಒಂದೇ ಗೋಮಾಳದಲ್ಲಿ ಮೇಯುತ್ತಿದ್ದವು. ಗೆರೆ ಎಳೆದ ಮೇಲೆ ‘ನಿಮ್ಮೂರಿನ ಗೋಮಾಳಕ್ಕೆ ಹೋಗಿ’ ಎಂಬ ಮಾತು ಬರುತ್ತದೆ.

ಮೂಲ ಗ್ರಾಮದವರು ಜೋರಾಗಿದ್ದ ಕಡೆ ಹೊಸ ಊರಿಗೆ ಮನೆಗಳಷ್ಟೇ ಸಿಗುತ್ತವೆ. ಸುತ್ತಲಿನ ಬಯಲು ಹಳೇ ಊರಲ್ಲೇ ಉಳಿಯುತ್ತದೆ. ಹಾಗಾದರೆ ಅದು ಊರಲ್ಲ, ಹೊಲಗಳ ಮಧ್ಯೆ ಒಂದು ಬಡಾವಣೆ.

ಸ್ಮಶಾನದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಸ್ಮಶಾನ ಇಲ್ಲದ ಹಳ್ಳಿಗಳಿಗೆ ಜಾಗ ಒದಗಿಸಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಸರ್ಕಾರಕ್ಕೆ ಹೇಳಿತು. ತಾಂಡಾ ಮೂಲ ಗ್ರಾಮದ ಭಾಗವಾಗಿದ್ದರೆ ‘ಈ ಗ್ರಾಮಕ್ಕೆ ಸ್ಮಶಾನ ಇದೆ’ ಎಂದು ಕಡತ ಮುಚ್ಚಬಹುದು. ಆ ಸ್ಮಶಾನದಲ್ಲಿ ತಾಂಡಾದವರನ್ನು ಹೂಳಲು ಬಿಡುತ್ತಾರೋ ಇಲ್ಲವೋ ಕಡತಕ್ಕೆ ಗೊತ್ತಾಗುವುದಿಲ್ಲ. ಪ್ರತ್ಯೇಕ ಗ್ರಾಮವಾದ ಮೇಲೆ ಹಾಗೆ ಮುಚ್ಚಲು ಬರುವುದಿಲ್ಲ. ಹೊಸ ಊರಿಗೆ ಇದು ದೊಡ್ಡ ಬಲ. ಆದರೆ ಜಾಗ ಎಲ್ಲಿಂದ ತರುವುದು? ಗಡಿ ಎಳೆಯುವಾಗ ಒಂದೆರಡು ಎಕರೆ ಸರ್ಕಾರಿ ಜಮೀನು ಸೇರಿಸಿಕೊಂಡಿದ್ದರೆ ಸರಿ. ಇಲ್ಲದಿದ್ದರೆ ಸರ್ಕಾರ ದುಡ್ಡು ಕೊಟ್ಟು ಕೊಳ್ಳಬೇಕು, ಅದಕ್ಕೆ ವರ್ಷಗಳು ಬೇಕು.

ತಾಂಡಾದೊಳಗಿನ ತಕರಾರು

ಹೊರಗಿನವರು ಗಮನಿಸದ ವಾದ ಒಂದಿದೆ, ಅದು ಹೆಸರಿನದ್ದು. ಹೊಸ ಗ್ರಾಮಕ್ಕೆ ಏನು ಹೆಸರು? ಹಲವು ತಾಂಡಾಗಳಿಗೆ ಅದನ್ನು ಕಟ್ಟಿದ ನಾಯಕನ ಹೆಸರಿದೆ. ಕೆಲವಕ್ಕೆ ಮೂಲ ಗ್ರಾಮದ ಹೆಸರೇ, ಮುಂದೆ ‘ತಾಂಡಾ’ ಎಂಬ ಬಾಲ. ಓದಿದ ಹುಡುಗರಲ್ಲಿ ಕೆಲವರು ‘ನಗರ’, ‘ಪುರ’ ಎಂದು ಬದಲಿಸೋಣ ಎನ್ನುತ್ತಾರೆ. ಅವರ ಕಾರಣ ಗಟ್ಟಿಯಾಗಿದೆ. ಕೆಲಸಕ್ಕೆ ಅರ್ಜಿ ಹಾಕಿದಾಗ, ಬಾಡಿಗೆ ಮನೆ ಕೇಳಿದಾಗ ವಿಳಾಸದಲ್ಲೇ ಜಾತಿ ಗೊತ್ತಾಗಿಬಿಡುತ್ತದೆ. ತಮಿಳುನಾಡು ಸರ್ಕಾರ 2025ರಲ್ಲಿ ಸರ್ಕಾರಿ ದಾಖಲೆಗಳಿಂದ ‘ಕಾಲೊನಿ’ ಪದ ತೆಗೆಯುತ್ತೇವೆ ಎಂದದ್ದೂ, ಮಹಾರಾಷ್ಟ್ರ 2020ರಲ್ಲಿ ಜಾತಿಸೂಚಕ ಕೇರಿಗಳ ಹೆಸರು ಬದಲಿಸಲು ತೀರ್ಮಾನಿಸಿದ್ದೂ ಇದೇ ಕಾರಣಕ್ಕೆ.

ಎದುರು ವಾದವೂ ಅಷ್ಟೇ ಗಟ್ಟಿ. ತಾಂಡಾ ಎಂದರೆ ಮನೆಗಳ ಗುಂಪಷ್ಟೇ ಅಲ್ಲ. ಅಲ್ಲೊಬ್ಬ ನಾಯಕ, ಒಬ್ಬ ಕಾರಭಾರಿ ಇರುತ್ತಾರೆ. ಮದುವೆ, ಜಗಳ, ಹಬ್ಬ ಎಲ್ಲಕ್ಕೂ ಅವರ ಮಾತು ಬೇಕು. ತೀಜ್ ಹಬ್ಬಕ್ಕೆ ಮುಂಬೈಯಿಂದಲೂ ಜನ ಮರಳುವುದು ತಾಂಡಾಕ್ಕೆ, ಪಂಚಾಯಿತಿ ಇರುವ ಊರಿಗಲ್ಲ. ಕೇರಿಯ ಹೆಸರನ್ನು ಬೇರೆಯವರು ಅವಮಾನಕ್ಕೆಂದು ಇಟ್ಟರು, ತಾಂಡಾ ತಾವೇ ಇಟ್ಟುಕೊಂಡ ಹೆಸರು ಎಂಬುದು ಈ ಕಡೆಯವರ ಮಾತು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಹೆಸರಿನ ತೀರ್ಮಾನ ತಹಶೀಲ್ದಾರರ ಕಚೇರಿಯಲ್ಲಿ ಆಗದೆ ತಾಂಡಾದ ಕಟ್ಟೆಯ ಮೇಲೆ ಆದರೆ ಒಳ್ಳೆಯದು.

ಅಧಿಕಾರದ ಪ್ರಶ್ನೆಯೂ ಇದರಲ್ಲಿದೆ. ಮನೆಯ ಕಾಗದ ಕೈಗೆ ಬಂದ ಮೇಲೆ ಮನೆ ಮಾರಬಹುದು, ಅಡವಿಡಬಹುದು. ಹೊರಗಿನವರು ಕೊಂಡು ಬಂದು ನೆಲೆಸಬಹುದು. ಇಷ್ಟು ದಿನ ತಾಂಡಾದಲ್ಲಿ ಯಾರಿರಬೇಕು ಎಂಬುದನ್ನು ನಾಯಕ, ಕಾರಭಾರಿ ಹೇಳುತ್ತಿದ್ದರು. ಇನ್ನು ಮೇಲೆ ನೋಂದಣಿ ಕಚೇರಿ ಹೇಳುತ್ತದೆ. ಒಬ್ಬಂಟಿ ಹೆಣ್ಣುಮಗಳಿಗೆ ಇದು ಬಿಡುಗಡೆ, ನಾಯಕನ ಮನೆತನಕ್ಕೆ ನಷ್ಟ. ಒಟ್ಟಿನಲ್ಲಿ ತಾಂಡಾ ಗಟ್ಟಿಯಾಗುತ್ತದೋ ಸಡಿಲವಾಗುತ್ತದೋ ಎಂಬುದು ಪಟ್ಟಣ ಎಷ್ಟು ಹತ್ತಿರ, ನಿವೇಶನದ ಬೆಲೆ ಎಷ್ಟು ಎಂಬುದರ ಮೇಲೂ ನಿಂತಿದೆ.

ಕಾಡಿನೊಳಗಿನ ಹಾಡಿಗಳದ್ದು ಬೇರೆ ದಾರಿ

ಅರಣ್ಯದಲ್ಲಿರುವ ವಸತಿಗಳಿಗೆ 38ಎ ಆಗಲಿ 94ಡಿ ಆಗಲಿ ಕೈಹಿಡಿಯುವುದಿಲ್ಲ. ಅಲ್ಲಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಬೇಕು. ಅದರಲ್ಲಿ ಅರಣ್ಯ ಗ್ರಾಮ, ಹಳೇ ವಸತಿ, ಅಳತೆಯಾಗದ ಹಳ್ಳಿಗಳನ್ನು ಕಂದಾಯ ಗ್ರಾಮ ಮಾಡುವ ಹಕ್ಕು ಬರೆದೇ ಇದೆ. ಆದರೆ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅಲ್ಲಿದ್ದೆವು ಎಂದು ತೋರಿಸಬೇಕು. ಆದಿವಾಸಿ ಅಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಹೊಸಪೇಟೆಯಲ್ಲಿ ಹಕ್ಕುಪತ್ರ ಹಂಚಿದ ಅದೇ 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಜೇನು ಕುರುಬ ಕುಟುಂಬಗಳು ಮರಳಿ ಬಂದು ‘ಇದು ನಮ್ಮ ಹಾಡಿ’ ಎಂದು ಕೂತವು. ಅರಣ್ಯ ಇಲಾಖೆಗೂ ಅವರಿಗೂ ತಿಕ್ಕಾಟವಾಯಿತು. ಹೀಗೆ ಒಂದೇ ರಾಜ್ಯದಲ್ಲಿ ಗೋಮಾಳದ ಮೇಲಿದ್ದವರಿಗೆ ಊರು ಸಿಕ್ಕಿತು, ಕಾಡಿನಲ್ಲಿದ್ದವರು ಇನ್ನೂ ಪುರಾವೆ ಹುಡುಕುತ್ತಿದ್ದಾರೆ.

ಜನಗಣತಿ ಗಡುವು

ಕೆಲಸ ಇಷ್ಟು ಅವಸರದಲ್ಲಿ ನಡೆದದ್ದಕ್ಕೆ ಒಂದು ಕಾರಣ 2027ರ ಜನಗಣತಿ. ಅದಕ್ಕಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಸ್ಥಿರಗೊಳಿಸಬೇಕಿತ್ತು. ಜನಗಣತಿ ಎಣಿಸುವುದು ಕಂದಾಯ ಗ್ರಾಮದ ಲೆಕ್ಕದಲ್ಲಿ. ಆ ದಿನಕ್ಕೆ ಅಧಿಸೂಚನೆ ಆಗಿ ಪಟ್ಟಿಗೆ ಸೇರಿದ ತಾಂಡಾಗಳು ಮೊದಲ ಸಲ ತಮ್ಮದೇ ಹೆಸರಲ್ಲಿ ಎಣಿಕೆಯಾಗುತ್ತವೆ. ತಪ್ಪಿಸಿಕೊಂಡವು ಮತ್ತೆ ಮೂಲ ಗ್ರಾಮದ ಅಂಕಿಯೊಳಗೆ ಕರಗುತ್ತವೆ. ಮನೆಯ ಹಕ್ಕುಪತ್ರ ಅವಕ್ಕೂ ಆಮೇಲೆ ಸಿಗಬಹುದು. ಆದರೆ ಎಷ್ಟು ಜನ, ಎಷ್ಟು ಓದಿದವರು, ಎಷ್ಟು ಮನೆಗೆ ನಲ್ಲಿ ಎಂಬ ತಾಂಡಾವಾರು ಅಂಕಿ ಮುಂದಿನ ಜನಗಣತಿವರೆಗೆ ಸಿಗುವುದಿಲ್ಲ. ಜನಸಂಖ್ಯೆ ನೋಡಿ ಹಣ ಹಂಚುವ ಯೋಜನೆಗಳಿಗೆ ಆ ಅಂಕಿಯೇ ಆಧಾರ.

ಇನ್ನೂ ಅಧಿಸೂಚನೆಯ ಹಂತದಲ್ಲಿರುವ ತಾಂಡಾ, ಹಟ್ಟಿಗಳವರು ಗಮನಿಸಬೇಕಾದದ್ದು ಫಲಾನುಭವಿಗಳ ಪಟ್ಟಿಯನ್ನಷ್ಟೇ ಅಲ್ಲ. ಪ್ರಾಥಮಿಕ ಅಧಿಸೂಚನೆಯ ಜೊತೆ ಸರ್ವೆ ನಂಬರುಗಳ ಪಟ್ಟಿಯೂ ಇರುತ್ತದೆ. ಸ್ಮಶಾನಕ್ಕೆ ಬಳಸುವ ಜಾಗ, ದನ ಮೇಯುವ ಗೋಮಾಳ, ತಾಂಡಾಕ್ಕೆ ಬರುವ ದಾರಿ, ಕುಡಿಯುವ ನೀರಿನ ಬಾವಿ ಇವುಗಳ ನಂಬರು ಅದರಲ್ಲಿ ಇದೆಯೋ ಇಲ್ಲವೋ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಆಕ್ಷೇಪಣೆ ಬರೆದುಕೊಡಬೇಕಾದದ್ದು ಆ ಹಂತದಲ್ಲೇ. ಅಂತಿಮ ಅಧಿಸೂಚನೆ ಹೊರಬಿದ್ದ ಮೇಲೆ ಗಡಿ ಸರಿಸುವುದು ಹೊಸ ಊರು ಮಾಡಿಸುವಷ್ಟೇ ದೊಡ್ಡ ಕೆಲಸ.